ಬಾತುಕೋಳಿಯ ತುಪ್ಪಳ, ಶಂಕ್ರನ ಎರಡು ಲಾಫ್ಟು

"ಮೈನಸ್ 15 ಡಿಗ್ರಿ. ಬೆಲೆ 2,800. ಮೇಲೊಂದು ಟಾರ್ಚು ಫ್ರೀ. ಇನ್ನೇನ್ ಬೇಕು?" ಅಂತ ಶಂಕ್ರ ದರ್ಶಿನಿಯ ಸ್ಟೀಲ್ ಮೇಜಿನ ನಡುವೆ, ಚಟ್ನಿ ಬಟ್ಟಲ ಪಕ್ಕ, ಗೆದ್ದವನ ಹಾಗೆ, ಸ್ಲೀಪಿಂಗ್ ಬ್ಯಾಗಿನ ಚಿತ್ರವಿದ್ದ ಫೋನು ಇಟ್ಟ.

ಕಡಲೆಕಾಯಿ ಪರಿಷೆಯ ವಾರ. ಗಾಂಧಿ ಬಜಾರಿನಲ್ಲಿ ಕಾಲಿಡೋಕೆ ಜಾಗವಿಲ್ಲ. ನಾಲ್ವರೂ ಒಂದೇ ಮೇಜಿಗೆ ಅಂಟಿಕೊಂಡು ನಿಂತಿದ್ದರು, ನಡುವೆ ಹುರಿದ ಕಡಲೆಕಾಯಿಯ ಪೊಟ್ಟಣ. ಡಿಸೆಂಬರ್ ಕೊನೆಯ ವಾರ ಶಂಕ್ರ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಚಾರಣ ಹೊರಟಿದ್ದಾನೆ. ಟಿಕೆಟ್ ಆಗಿದೆ, ರಜೆ ಆಗಿದೆ, ಸ್ಲೀಪಿಂಗ್ ಬ್ಯಾಗ್ ಒಂದು ಬಾಕಿ.

ರಾಘು ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದ. "15ರ ಪಕ್ಕ ಇರುವೆ ಸಾಲಿನ ಹಾಗೆ ಏನೋ ಇದೆ, ಓದು."

"ಎಕ್ಸ್‌ಟ್ರೀಮ್."

"ಹಾಗಂದ್ರೆ ಆ ಚಳೀಲಿ 6 ಗಂಟೆ ಹೊತ್ತು ಪ್ರಾಣ ಹೋಗದೆ ಉಳೀಬಹುದು ಅಂತ. ಬೆರಳು ಮರಗಟ್ಟಿದ್ರೆ ಅದು ಲೆಕ್ಕಕ್ಕಿಲ್ಲ. ನಿದ್ದೆ ಮಾತಂತೂ ಅದರಲ್ಲಿ ಇಲ್ಲವೇ ಇಲ್ಲ."

"ಟಾರ್ಚು ಯಾಕೆ ಫ್ರೀ ಅಂತ ಗೊತ್ತಾಯ್ತಾ?" ಅಂದಳು ಸುಮಾ. "ಬೆಳಗಾಗೋತನಕ ಎದ್ದು ಕೂತಿರಬೇಕಲ್ಲ."

"ಹಾಗಾದ್ರೆ ಯಾವ ಅಂಕಿ ನೋಡ್ಬೇಕು?"

"ಸರಿಯಾದ ಬ್ಯಾಗಿನ ಮೇಲೆ ಮೂರು ಅಂಕಿ ಇರತ್ತೆ," ಅಂದ ರಾಘು. "ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಅಳೆಯೋ ಮಾನದಂಡ ಮುಂಚೆ ಇಎನ್ 13537 ಅಂತಿತ್ತು, ಈಗ ಐಎಸ್‌ಒ 23537. ಹೀಟರ್ ಇಟ್ಟಿರೋ ಗೊಂಬೆಗೆ ಥರ್ಮಲ್ ಒಳಉಡುಪು ತೊಡಿಸಿ, ಕೆಳಗೆ ಮ್ಯಾಟ್ ಹಾಸಿ, ಬ್ಯಾಗಲ್ಲಿ ಮಲಗಿಸಿ ಅಳೀತಾರೆ. ಕಂಫರ್ಟ್ ಅಂದ್ರೆ 25 ವರ್ಷದ, 60 ಕೆಜಿ ತೂಕದ ಹೆಂಗಸು ಆರಾಮಾಗಿ ಕಾಲು ಚಾಚಿ ಮಲಗೋ ಚಳಿ. ಲಿಮಿಟ್ ಅಂದ್ರೆ 25 ವರ್ಷದ, 73 ಕೆಜಿ ಗಂಡಸು ಮುದುರಿಕೊಂಡು, ನಡುಗೋದೊಂದು ಬಾಕಿ ಅನ್ನೋ ಹಾಗೆ ರಾತ್ರಿ ತಳ್ಳೋ ಚಳಿ."

"ನಾನು ಗಂಡಸು. ನಂಗೆ ಲಿಮಿಟ್ ಸಾಕು."

"ಅಂವಾ 25 ವರ್ಷದಂವ ಐದಾನ," ಅಂದ ಧಾರವಾಡದ ಬಸು. "ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನಾ ನೋಡೇನಿ."

ಶಂಕ್ರ ಒಂದು ಕಡಲೆಕಾಯಿ ಸುಲಿದು ಸುಮ್ಮನಾದ.

ಲೆಕ್ಕವನ್ನು ಸುಮಾ ಹಾಕಿದಳು. ಚಾರಣ ಶುರುವಾಗುವ ಸಾಂಕ್ರಿ ಊರೇ ಸುಮಾರು 1,950 ಮೀಟರ್ ಎತ್ತರದಲ್ಲಿದೆ. ಕೇದಾರಕಂಠದ ತುದಿ 3,800 ದಾಟುತ್ತೆ. ಕೊನೆಯ ಕ್ಯಾಂಪು 3,400ರ ಆಸುಪಾಸು. ಡಿಸೆಂಬರ್ ಕೊನೆಗೆ ಅಲ್ಲಿ ರಾತ್ರಿ ಮೈನಸ್ 5 ಮಾಮೂಲು, ಆಕಾಶ ತಿಳಿಯಾಗಿ ಮೋಡವಿಲ್ಲದ ರಾತ್ರಿ ಮೈನಸ್ 10ಕ್ಕೂ ಇಳಿಯುವುದುಂಟು. "ಆದ್ದರಿಂದ ಕಂಫರ್ಟ್ ಅಂಕಿಯೇ ಮೈನಸ್ 10 ಇರ್ಲಿ. ಬೆಂಗಳೂರಲ್ಲಿ ದಾಖಲಾದ ಅತಿ ಹೆಚ್ಚು ಚಳಿ 7.8 ಡಿಗ್ರಿ. ಅದೂ 1884ರ ಜನವರೀಲಿ. ನಾವು 15ಕ್ಕೇ ಮಂಕಿ ಕ್ಯಾಪ್ ಹಾಕೋ ಜನ. ಅಂಚಿನ ಲೆಕ್ಕ ನಮಗೆ ಆಗಿಬರಲ್ಲ. ಒಳಗೆ ಡೌನ್ ತುಂಬಿದ ಬ್ಯಾಗ್ ನೋಡು."

"ಡೌನ್ ಅಂದ್ರೆ ಕೋಳಿಪುಕ್ಕ ತಾನೇ? ಶಿವಾಜಿನಗರದಲ್ಲಿ ಮೂಟೆಗಟ್ಟಲೆ ಬಿದ್ದಿರತ್ತೆ."

"ಪುಕ್ಕ ಬೇರೆ, ತುಪ್ಪಳ ಬೇರೆ ಮಾರಾಯ. ಡೌನ್ ಅಂದ್ರೆ ತುಪ್ಪಳ. ಬಾತು, ಹೆಬ್ಬಾತುಗಳ ಎದೇಲಿ ಪುಕ್ಕದ ಅಡಿಗೆ ಇರೋದು ತುಪ್ಪಳ. ಪುಕ್ಕಕ್ಕೆ ನಡುವೆ ಕಡ್ಡಿ ಇರತ್ತೆ, ತುಪ್ಪಳಕ್ಕೆ ಇಲ್ಲ. ಒಂದು ಚುಕ್ಕಿಯಿಂದ ಸುತ್ತಲೂ ಎಳೆ ಹೊರಟಿರತ್ತೆ, ಎಕ್ಕದ ಬೀಜ ಗಾಳೀಲಿ ಹಾರತ್ತಲ್ಲ, ಹೆಚ್ಚುಕಮ್ಮಿ ಹಾಗೆ. ಬೆಚ್ಚಗಿಡೋದು ಆ ಎಳೆ ಅಲ್ಲ, ಎಳೆ ನಡುವೆ ಸಿಕ್ಕಿಕೊಂಡ ಗಾಳಿ. ಲೇಬಲ್ಲಲ್ಲಿ 90/10 ಅಂತಿದ್ರೆ 90 ಪಾಲು ತುಪ್ಪಳ, 10 ಪಾಲು ಸಣ್ಣ ಪುಕ್ಕ. 'ಡೌನ್' ಅಂತಷ್ಟೇ ಬರೆದು ಪಾಲು ಹೇಳದಿದ್ರೆ ಅಲ್ಲಿಂದ ಎದ್ದು ಬಾ."

ಸುಮಾ ಸುಲಿದ ಕಡಲೆಬೀಜವನ್ನು ಒಂದು ಹಿಡಿ ಎತ್ತಿ ಮೇಜಿನ ಮೇಲೆ ಗುಡ್ಡೆ ಹಾಕಿದಳು. "ಇದು ಹೆಚ್ಚುಕಮ್ಮಿ 28 ಗ್ರಾಂ, ಒಂದು ಔನ್ಸ್. ಇಷ್ಟೇ ತೂಕದ ತುಪ್ಪಳ ಅರಳಿ ಕೂತಾಗ 800 ಘನ ಅಂಗುಲ ಜಾಗ ತಗೊಂಡ್ರೆ ಅದು 800 ಫಿಲ್ ಪವರ್. ಲೀಟರ್ ಲೆಕ್ಕದಲ್ಲಿ 13. ಮನೆಗೆ ಬರೋ 20 ಲೀಟರ್ ನೀರಿನ ಕ್ಯಾನಿದೆಯಲ್ಲ, ಅದರ ಅರ್ಧ ದಾಟತ್ತೆ, ಈ ಒಂದು ಹಿಡಿ."

"ಹಾಗಾದ್ರೆ 800 ಅಂತಿದ್ರೆ ಕಣ್ಮುಚ್ಚಿ ತಗೋಬಹುದು."

"ಅಲ್ಲೇ ಎಲ್ಲರೂ ಬೀಳೋದು. 800ರ ತುಪ್ಪಳವನ್ನ 300 ಗ್ರಾಂ ತುಂಬಿದ್ರೆ ಹಂಪಿಗೆ ಸಾಕು, ಕೇದಾರಕಂಠಕ್ಕಲ್ಲ. ಫಿಲ್ ಪವರ್ ಗುಣ, ಫಿಲ್ ತೂಕ ಪ್ರಮಾಣ. ಎರಡನ್ನೂ ಕೇಳ್ಬೇಕು. 800ರದ್ದು 700 ಗ್ರಾಂ ಮಾಡೋ ಕೆಲಸಕ್ಕೆ 550ರದ್ದು 1,018 ಗ್ರಾಂ ಬೇಕು. 550 ಕಳಪೆ ಅಂತಲ್ಲ. ಅದೇ ಬೆಚ್ಚಗೆ, 300 ಗ್ರಾಂ ಹೆಚ್ಚು ಹೊರ್ತೀಯ, ದುಡ್ಡು ಉಳಿಸ್ತೀಯ. ನಿನ್ನ ಚಳಿಗೆ 750-800ರ ತುಪ್ಪಳ 700ರಿಂದ 900 ಗ್ರಾಂ ಇರ್ಲಿ. ಇಡೀ ಬ್ಯಾಗಿನ ತೂಕ ಒಂದೂವರೆ ಕೆಜಿ ಒಳಗೆ ಬರತ್ತೆ. ಬೆಲೆ ಐದಂಕಿ."

ಐದಂಕಿ ಅಂದ ಕೂಡಲೇ ಶಂಕ್ರನಿಗೆ ಕಾಫಿ ನೆತ್ತಿಗೇರಿತು. ಬಸು ಬೆನ್ನು ತಟ್ಟಿದ.

"ಒಟ್ನಲ್ಲಿ ಎಲ್ಲಾ ಇರೋದು ಲಾಫ್ಟಲ್ಲಿ," ಅಂದ ರಾಘು.

"ನಮ್ಮನೇಲಿ ಎರಡಿವೆ. ಅಡುಗೆಮನೆ ಮೇಲೊಂದು, ಬಚ್ಚಲ ಮೇಲೊಂದು."

"ಆ ಲಾಫ್ಟಲ್ಲ ಕಣೋ! ತುಪ್ಪಳ ಉಬ್ಬಿ ನಿಲ್ಲೋ ದಪ್ಪ. ಅದಕ್ಕೂ ಲಾಫ್ಟ್ ಅಂತಾರೆ."

"ಕನ್ನಡದಲ್ಲಿ ಉಬ್ಬು ಅನ್ನಿ, ಗೊಂದಲ ಇರಲ್ಲ," ಅಂದ ಶಂಕ್ರ.

"ಅಲ್ಲೋ ಶಂಕ್ರ್ಯಾ, ಇಷ್ಟೆಲ್ಲಾ ಯಾಕ, ನಮ್ಮವ್ವನ ಕೌದಿ ಒಯ್ಯಿ ಅನ್ನಾಂವ ಇದ್ದೆ," ಅಂದ ಬಸು. "ಆದ್ರ ಕೌದಿ ಒಳಗ ಹೊಲಿಗಿ ಮ್ಯಾಲಿಂದ ಕೆಳಗ ಆರಪಾರ ಹೋಗ್ತೈತಿ. ಹೊಲಿಗಿ ಬಿದ್ದಲ್ಲೆ ದಪ್ಪ ಎಷ್ಟ? ಸೊನ್ನಿ. ಸ್ಲೀಪಿಂಗ್ ಬ್ಯಾಗಿನಾಗೂ ಇದ ಕತಿ. ಸೋವಿ ಬ್ಯಾಗ್ ಎಲ್ಲಾ ಆರಪಾರ ಹೊಲದಿರ್ತಾರ. ಗೆರಿ ಗೆರಿಗೂ ಚಳಿ ಒಳಗ ಬರ್ತೈತಿ. ಚಳಿಗಾಲಕ್ಕ ಬಾಕ್ಸ್ ಬ್ಯಾಫಲ್ ಬೇಕು. ಮ್ಯಾಲಿನ ಬಟ್ಟಿ, ಒಳಗಿನ ಬಟ್ಟಿ ನಡುವ ಜಾಳಿಗಿ ಗ್ವಾಡಿ ಹಚ್ಚಿ ಸಣ್ಣ ಸಣ್ಣ ಖೋಲಿ ಮಾಡಿರ್ತಾರ."

"ಅದನ್ನ ಅಂಗಡೀಲಿ ಹೇಗೆ ಕಂಡುಹಿಡಿಯೋದು?"

ಈ ಪ್ರಶ್ನೆಗೆ ಮೂವರೂ ಒಟ್ಟಿಗೆ ಬಾಯಿ ತೆರೆದರು. ಗೆದ್ದದ್ದು ರಾಘು. "ಹೊಲಿಗೆ ಗೆರೆಯನ್ನ ಒಂದು ಕೈಯಲ್ಲಿ ಹೊರಗಿಂದ, ಇನ್ನೊಂದು ಕೈಯಲ್ಲಿ ಒಳಗಿಂದ ಚಿವುಟಿ ಹಿಡಿ. ಎರಡೂ ಬಟ್ಟೆ ಒಂದಕ್ಕೊಂದು ಅಂಟಿಕೊಂಡೇ ಇದ್ರೆ ಕೌದಿ ಹೊಲಿಗೆ. ಎಳೆದಾಗ ಬೇರೆಬೇರೆಯಾಗಿ ಬಂದ್ರೆ ನಡುವೆ ಗೋಡೆ ಇದೆ. ಆಮೇಲೆ ಬ್ಯಾಗನ್ನ ಟ್ಯೂಬ್‌ಲೈಟಿಗೆ ಎತ್ತಿ ಹಿಡಿ, ಖೋಲಿ ನಡುವೆ ತುಪ್ಪಳ ಇಲ್ಲದೆ ಬರೀ ಬೆಳಕು ಕಂಡ್ರೆ ವಾಪಸ್. ಅಂಗೈಯಲ್ಲಿ ಒತ್ತಿ ಬಿಡು, ಬೇಗ ಎದ್ದು ಬರ್ಬೇಕು. ಒತ್ತಿದಾಗ ಕಡ್ಡಿ ಚುಚ್ಚಿದ್ರೆ ಪುಕ್ಕ ಜಾಸ್ತಿ. ಮೂಗಿಟ್ಟು ನೋಡು, ಕೋಳಿಗೂಡಿನ ವಾಸನೆ ಬಂದ್ರೆ ಸರಿಯಾಗಿ ತೊಳೆದಿಲ್ಲ, ಒದ್ದೆಯಾದಾಗ ಇನ್ನೂ ನಾರತ್ತೆ."

"ಸೇಲ್ಸ್ ಹುಡುಗ ಪೊಲೀಸ್ ಕರೀತಾನೆ."

"ಕರೆದ್ರೆ ಕರೀಲಿ, ನೀನು ಅಷ್ಟ್ರಲ್ಲಿ ಒಳಗೆ ಮಲಗಿರು. ನೆಲದ ಮೇಲೇ ಮಲಗ್ಬೇಕು, ಥರ್ಮಲ್ಲು, ಜಾಕೆಟ್ಟು ಹಾಕ್ಕೊಂಡು. ಪಾದ ತುದಿಗೆ ತಾಗಿ ಒತ್ತಬಾರದು, ಒತ್ತಿದಲ್ಲಿ ತುಪ್ಪಳ ಚಪ್ಪಟೆ, ಅಲ್ಲೇ ಚಳಿ. ಹೊಟ್ಟೆ ಹತ್ರಾನೂ ಹಾಗೇ."

ಎಲ್ಲರ ಕಣ್ಣೂ ಶಂಕ್ರನ ಮುಂದಿದ್ದ ಎರಡನೇ ಮಸಾಲೆ ದೋಸೆಯ ತಟ್ಟೆಗೆ ಹೋಯಿತು.

"ಹಾಗಂತ ಗುಡಾರದಷ್ಟು ದೊಡ್ಡದೂ ಬೇಡ," ಅಂದಳು ಸುಮಾ. "ಖಾಲಿ ಜಾಗವನ್ನೆಲ್ಲಾ ಬಿಸಿ ಮಾಡೋ ಒಲೆ ನೀನೇ. ಬ್ಯಾಗ್ ಬಿಸಿ ಹುಟ್ಟಿಸಲ್ಲ, ಹಿಡಿದಿಡತ್ತೆ ಅಷ್ಟೆ. ಇನ್ನೆರಡು ನೋಡು. ಜಿಪ್ಪಿನ ಉದ್ದಕ್ಕೂ ಒಳಗಡೆ ತುಪ್ಪಳ ತುಂಬಿದ ಪಟ್ಟಿ ಇರ್ಬೇಕು, ಇಲ್ದಿದ್ರೆ ಜಿಪ್ಪು ಕಿಟಕಿ ಸಂದಿ ಹಾಗೆ. ಕುತ್ತಿಗೆ ಹತ್ರ ಇನ್ನೊಂದು ಪಟ್ಟಿ, ದಾರ ಎಳೆದ್ರೆ ಹೆಗಲ ಸುತ್ತ ಮುಚ್ಚಿಕೊಳ್ಳೋದು. ಅದಿಲ್ಲದ ಬ್ಯಾಗಲ್ಲಿ ನೀನು ಮಗ್ಗಲು ಬದಲಿಸಿದಾಗಲೆಲ್ಲಾ ಬಿಸಿಗಾಳಿ ಬುಸ್ ಅಂತ ಹೊರಗೆ. ಕಣ್ಮುಚ್ಚಿ, ಒಂದೇ ಕೈಯಲ್ಲಿ, ಒಳಗಿಂದ ಜಿಪ್ಪು ಎಳೆದು ನೋಡು. ರಾತ್ರಿ 2 ಗಂಟೆಗೆ ಬಟ್ಟೆ ಹಲ್ಲಿಗೆ ಸಿಕ್ಕಿಕೊಂಡ್ರೆ ಆಮೇಲೆ ನಡೆಯೋದನ್ನ ಇಲ್ಲಿ ಹೇಳೋ ಹಾಗಿಲ್ಲ."

ತುಪ್ಪಳದ ಕೋಟು ಮೊದಲು ತೊಟ್ಟಾಗಲೂ ಜನ ಹೀಗೇ ನಕ್ಕಿದ್ದರು. 1922ರ ಎವರೆಸ್ಟ್ ತಂಡದಲ್ಲಿದ್ದ ಜಾರ್ಜ್ ಫಿಂಚ್ ಬಲೂನಿನ ಬಟ್ಟೆಯೊಳಗೆ ಐಡರ್ ಬಾತಿನ ತುಪ್ಪಳ ತುಂಬಿಸಿ ಹೊಲಿಸಿಕೊಂಡು ಹೋಗಿದ್ದ. ಟ್ವೀಡ್ ಕೋಟಿನವರು ಗೇಲಿ ಮಾಡಿದರು, ಆಮೇಲೆ ಅವರೇ ನಡುಗಿದರು. ಅವನು ರಸಾಯನ ವಿಜ್ಞಾನಿ. ಮುಂದೆ 1952ರಿಂದ 57ರವರೆಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾಗಿದ್ದ. ಸುಮಾ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಬಸು ಕಡಲೆಬೀಜದ ಆ 28 ಗ್ರಾಂ ಖಾಲಿ ಮಾಡಿದ್ದ.

"ಸರಿ, ಐದಂಕಿ ಬ್ಯಾಗ್ ತಗೊಂಡೆ ಅಂದ್ಕೊಳ್ಳಿ. ಬೆಚ್ಚಗೆ ಮಲಗಿದೆ."

"ಮಲಗಿಲ್ಲ. ಕೆಳಗೇನ್ ಹಾಸಿದ್ದಿ?" ಅಂದ ಬಸು.

"ಬ್ಯಾಗೇ ಇದ್ಯಲ್ಲ?"

"ನಿನ್ನ ಮೈಭಾರಕ್ಕ ಕೆಳಗಿನ ತುಪ್ಪಳ ಹಪ್ಪಳ. ಹಿಮ ಕೆಳಗಿಂದ ಬಿಸಿ ಹೀರ್ತೈತಿ. ಬ್ಯಾಗಿನಷ್ಟ ಮ್ಯಾಟ್‌ನೂ ಮುಖ್ಯ."

ಮ್ಯಾಟಿಗೆ ಆರ್ ವ್ಯಾಲ್ಯೂ ಅಂತ ಅಂಕಿ ಇರುತ್ತೆ, ಹೆಚ್ಚಿದ್ದಷ್ಟೂ ಚಳಿ ತಡೆಯುತ್ತೆ. ಸಾಮಾನ್ಯ ಫೋಮ್ ಮ್ಯಾಟ್ 2ರ ಸುತ್ತಮುತ್ತ. ಹಿಮದ ಮೇಲೆ 4 ಅಥವಾ 5 ಬೇಕು. ಈ ಅಂಕಿಗಳನ್ನು ಕೂಡಬಹುದು, ಫೋಮಿನ ಮೇಲೆ 3ರ ಗಾಳಿ ಮ್ಯಾಟ್ ಹಾಸಿದರೆ 5. ಫೋಮು ಕೆಳಗಿದ್ದರೆ ಗಾಳಿ ಮ್ಯಾಟ್ ರಾತ್ರಿ ಪಂಕ್ಚರ್ ಆದರೂ ಬೆನ್ನು ಉಳಿಯುತ್ತೆ. ಬ್ಯಾಗಿಗೆ ಸುರಿದು ಮ್ಯಾಟಿಗೆ ಜಿಪುಣತನ ಮಾಡುವವರೇ ಹೆಚ್ಚು, ಆಮೇಲೆ ಬ್ಯಾಗನ್ನು ಬೈಯುತ್ತಾರೆ.

"ಬ್ಯಾಗೊಳಗೆ ಬರೀ ಮೈಯಲ್ಲಿ ಮಲಗಿದ್ರೆ ಹೆಚ್ಚು ಬೆಚ್ಚಗಂತೆ?" ಶಂಕ್ರ ದನಿ ತಗ್ಗಿಸಿದ.

"ಸುಳ್ಳು. ಆ ಗೊಂಬೆಗೇ ಥರ್ಮಲ್ ತೊಡಿಸಿದ್ದಾರೆ, ಅದಕ್ಕಿರೋ ಮರ್ಯಾದೆ ನಿಂಗಿಲ್ವಾ?" ಅಂದಳು ಸುಮಾ. "ಒಣಗಿದ ಥರ್ಮಲ್ಲು, ಒಣಗಿದ ಉಣ್ಣೆ ಕಾಲ್ಚೀಲ, ಟೋಪಿ. ಬಿಗಿಯಾಗಿ ಮೂರು ಮೂರು ತುರುಕಿಕೊಂಡ್ರೆ ಮಾತ್ರ ತೊಂದರೆ. ನಡೆದು ಬೆವೆತ ಬಟ್ಟೆ ಮೈಮೇಲೇ ಒಣಗಲಿ ಅಂತ ಒಳಗೆ ಹೋದ್ರೆ ಆ ತೇವ ತುಪ್ಪಳಕ್ಕೆ ಇಳಿಯತ್ತೆ. ತುಪ್ಪಳ ಒದ್ದೆಯಾದ್ರೆ ಮುದ್ದೆ ಕಟ್ಟತ್ತೆ, ಲಾಫ್ಟ್ ಹೋಗತ್ತೆ..."

"ಉಬ್ಬು."

"...ಉಬ್ಬು ಹೋಗತ್ತೆ. ಇಲ್ಲಿ ಮಾತ್ರ ನಮ್ಮ ಕುರುಬರ ಕಂಬಳಿಗೆ ನಮಸ್ಕಾರ ಹಾಕ್ಬೇಕು, ನೆನೆದ್ರೂ ಒಂದಿಷ್ಟು ಬೆಚ್ಚಗಿರತ್ತೆ. ನೀರು ತಡೆಯೋ ತುಪ್ಪಳ ಅಂತ ಮಾರ್ತಾರೆ, ಅದು ನೆನೆಯೋದನ್ನ ನಿಧಾನ ಮಾಡತ್ತೆ, ನಿಲ್ಲಿಸಲ್ಲ. ಮೂಗು, ಬಾಯಿ ಹೊರಗಿರ್ಲಿ. ಮುಸುಕು ಹಾಕಿ ಒಳಗೇ ಉಸಿರು ಬಿಟ್ರೆ ಬೆಳಿಗ್ಗೆ ಕುತ್ತಿಗೆ ಹತ್ರ ಒದ್ದೆ."

ಉಳಿದ ರಾತ್ರಿಪಾಠವನ್ನು ರಾಘು ಬೆರಳು ಮಡಚಿ ಒಪ್ಪಿಸಿದ. ಕ್ಯಾಂಪ್ ಮುಟ್ಟಿ ಗುಡಾರ ಎದ್ದ ಕೂಡಲೇ ಬ್ಯಾಗ್ ಹೊರತೆಗೆದು ಕೊಡವಿ ಹರಡಬೇಕು, ಉಬ್ಬಲು ಅರ್ಧ ಗಂಟೆ ಬೇಕು. ಮಲಗುವ ಮುಂಚೆ ತುಪ್ಪ ಹಾಕಿದ ಖಿಚಡಿಯೋ ಕಡಲೆ ಚಿಕ್ಕಿಯೋ ಹೊಟ್ಟೆಗೆ ಬೀಳಲಿ, ಒಲೆಗೆ ಸೌದೆ. ಒಂದು ಲೀಟರಿನ ಗಟ್ಟಿ ಬಾಟಲಿಗೆ ಬಿಸಿನೀರು ತುಂಬಿ, ತಲೆಕೆಳಗೆ ಮಾಡಿ ಮುಚ್ಚಳ ಸೋರುತ್ತಾ ನೋಡಿ, ಕಾಲ್ಚೀಲ ತೊಡಿಸಿ ತೊಡೆ ನಡುವೆ ಇಟ್ಟುಕೊಳ್ಳಬೇಕು. ದೊಡ್ಡ ರಕ್ತನಾಳ ಅಲ್ಲೇ ಇರೋದು, ಬಿಸಿ ಬೇಗ ಹರಡುತ್ತೆ. ಫೋನು, ಪವರ್ ಬ್ಯಾಂಕು, ಹೆಡ್‌ಲ್ಯಾಂಪಿನ ಬ್ಯಾಟರಿ ಎಲ್ಲಾ ಬ್ಯಾಗಿನೊಳಗೆ, ಚಳಿಗೆ ಬ್ಯಾಟರಿ ಮಲಗುತ್ತೆ. ಉಚ್ಚೆ ಬಂದರೆ ಎದ್ದು ಹೋಗಿಬರಬೇಕು. ತಡೆದುಕೊಂಡು ಬಿದ್ದಿದ್ದರೆ ನಿದ್ದೆಯೂ ಇಲ್ಲ, ಬಿಸಿಯೂ ಇಲ್ಲ.

"ಸಾಂಕ್ರೀಲಿ ಬಾಡಿಗೆಗೂ ಸಿಗತ್ತಂತೆ," ಅಂದ ಶಂಕ್ರ, ಇಷ್ಟು ಹೊತ್ತು ಬಚ್ಚಿಟ್ಟಿದ್ದ ತುರುಪಿನ ಎಲೆ ಇಳಿಸುವವನ ಹಾಗೆ.

"ಸಿಗತ್ತೆ. ವರ್ಷಕ್ಕೊಂದು ಸಲ ಹೋಗೋನಿಗೆ ಅದೇ ಬುದ್ಧಿವಂತಿಕೆ," ಅಂದುಬಿಟ್ಟಳು ಸುಮಾ. ಅರ್ಧ ಗಂಟೆಯಿಂದ ವಾದಿಸಿದ್ದ ರಾಘು ಅವಳನ್ನೇ ನೋಡಿದ. "ಕ್ಯಾಂಪಿನವರು ಕೊಡೋದು ಸಾಮಾನ್ಯವಾಗಿ ಸಿಂಥೆಟಿಕ್. ಎರಡು ಕೆಜಿ ದಾಟತ್ತೆ, ಆದರೆ ಒದ್ದೆಯಾದ್ರೂ ಒಂದಿಷ್ಟು ಬೆಚ್ಚಗಿರತ್ತೆ. ಜಿಪ್ಪು ಕೊನೇತನಕ ಎಳೆದು ನೋಡಿ ತಗೋ. ನಿಂದೇ ಒಂದು ಫ್ಲೀಸ್ ಲೈನರ್, ಅಂದ್ರೆ ಬ್ಯಾಗೊಳಗೆ ಹಾಕೋ ಒಳಚೀಲ, ಒಯ್ಯಿ, ಒಂದಷ್ಟು ಡಿಗ್ರಿ ಏರತ್ತೆ, ಹಿಂದೆ ಮಲಗಿದವರ ಬೆವರೂ ನಿನಗೆ ಅಂಟಲ್ಲ. ಸಾಲದಿದ್ರೆ ಎರಡು ಬ್ಯಾಗ್ ಒಂದರೊಳಗೊಂದು. ಡೌನ್ ಒಳಗೆ, ಸಿಂಥೆಟಿಕ್ ಹೊರಗೆ. ಮೈಯ ಆವಿ ಹೊರಗಿನ ಪದರದಲ್ಲಿ ನೀರಾಗತ್ತೆ, ತುಪ್ಪಳ ಒಣಗಿರತ್ತೆ."

"ಇಲ್ಲ, ನಾನು ಕೊಂಡೇ ಕೊಳ್ತೀನಿ," ಅಂದ ಶಂಕ್ರ. ಬೇಡ ಅಂದದ್ದೇ ತಡ, ಹಟ ಬಂದಿತ್ತು. "ಬಂದ್ಮೇಲೆ ಒಗೆಯೋಕೆ ನಮ್ಮ ನಿಂಗಮ್ಮನಿಗೆ ಹಾಕಿದ್ರಾಯ್ತು."

"ಕಲ್ಲಿಗೆ ಬಡಿದ್ರೆ ಬ್ಯಾಫಲ್ ಚಿಂದಿ!" ರಾಘು ಚೀರಿದ್ದಕ್ಕೆ ಕಾಫಿ ಕೌಂಟರಿನವನೂ ತಿರುಗಿ ನೋಡಿದ. "ಮುಂದೆ ಬಾಗಿಲಿರೋ ಮೆಷಿನ್ನು, ಡೌನ್‌ಗೇ ಅಂತ ಬರೋ ಸೋಪು, ಬಟ್ಟೆ ಮೆತ್ತಗೆ ಮಾಡೋ ಕಂಫರ್ಟು ಗಿಂಫರ್ಟು ಏನೂ ಹಾಕಬಾರದು. ಮಾಮೂಲಿ ಪುಡಿ ತುಪ್ಪಳದ ಎಣ್ಣೆ ಅಂಶ ತೆಗೆದುಬಿಡತ್ತೆ. ಒದ್ದೆ ಬ್ಯಾಗನ್ನ ಒಂದು ತುದಿ ಹಿಡಿದು ಎತ್ತಬೇಡ, ನೀರಿನ ಭಾರಕ್ಕೆ ಒಳಗೋಡೆ ಹರಿಯತ್ತೆ, ಮಗು ಎತ್ತೋ ಹಾಗೆ ಎರಡೂ ಕೈಯಲ್ಲಿ ಎತ್ತು. ಡ್ರೈಯರಲ್ಲಿ ಕಡಿಮೆ ಬಿಸೀಲಿ ಮೂರು ನಾಲ್ಕು ಗಂಟೆ, ಜೊತೆಗೆ ಮೂರು ಟೆನಿಸ್ ಚೆಂಡು. ಚೆಂಡು ಕುಟ್ಟಿ ಕುಟ್ಟಿ ಮುದ್ದೆ ಒಡೆಯತ್ತೆ. ಬೆರಳಿಗೆ ಒಂದೇ ಒಂದು ಗಂಟು ಸಿಕ್ಕಿದ್ರೂ ಇನ್ನೂ ಒಣಗಿಲ್ಲ ಅಂತ."

"ಆಯ್ತಪ್ಪ. ಒಣಗಿಸಿ, ಅದರ ಪುಟ್ಟ ಚೀಲಕ್ಕೆ ತುರುಕಿ, ಬಚ್ಚಲ ಮೇಲಿನ ಲಾಫ್ಟಿಗೆ ಎಸೆದ್ರೆ ಮುಂದಿನ ಡಿಸೆಂಬರ್‌ವರೆಗೆ ಚಿಂತೆಯಿಲ್ಲ."

ಮೂವರೂ ತಲೆಗೆ ಕೈ ಹೊತ್ತರು.

"ಪುಟ್ಟ ಚೀಲ ನಡೆಯುವಾಗ ಮಾತ್ರ ಕಣೋ. ತಿಂಗಳುಗಟ್ಟಲೆ ಒತ್ತಿಟ್ರೆ ತುಪ್ಪಳ ಮತ್ತೆ ಸರಿಯಾಗಿ ಅರಳಲ್ಲ. ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ, ಒಣ ಜಾಗದಲ್ಲಿ ಇಡ್ಬೇಕು. ಬಚ್ಚಲ ಮೇಲಂತೂ ಬೇಡವೇ ಬೇಡ, ಹಬೆಗೆ ಬೂಸ್ಟು ಬರತ್ತೆ."

"ಹತ್ತಿ ಚೀಲ ಎಷ್ಟು ದೊಡ್ಡದು?"

ಸುಮಾ ಕೈಯಗಲಿಸಿ ತೋರಿಸಿದಳು. ಪಕ್ಕದ ಮೇಜಿನವರು ಕಾಫಿ ಲೋಟ ಸರಿಸಿಕೊಂಡರು.

ಶಂಕ್ರ ಲೆಕ್ಕ ಹಾಕಿದ. ಅಡುಗೆಮನೆ ಮೇಲಿನ ಲಾಫ್ಟಿನಲ್ಲಿ ಗೊಂಬೆ ಹಬ್ಬದ ಮೆಟ್ಟಿಲು, ಒಡೆದ ಮಿಕ್ಸಿ, ಅತ್ತೆ ಕೊಟ್ಟ ಎರಡು ಹಿತ್ತಾಳೆ ಹಂಡೆ. ಫೋನು ಎತ್ತಿಕೊಂಡು ಹೆಂಡತಿಗೆ ಕರೆ ಮಾಡಿದ.

"ನೋಡೇ, ಬಾತುಕೋಳಿ ತುಪ್ಪಳದ್ದು ಒಂದು ಬ್ಯಾಗ್ ತರ್ತಾ ಇದೀನಿ. ಅದರ ಲಾಫ್ಟ್ ಉಳೀಬೇಕು ಅಂದ್ರೆ ನಮ್ಮ ಲಾಫ್ಟಿಂದ ನಿಮ್ಮಮ್ಮನ ಹಂಡೆ ಇಳಿಸ್ಬೇಕಂತೆ... ಹಲೋ? ಹಲೋ?"

"ಏನಂತಾಳೋ?" ಅಂದ ಬಸು.

"ಸಾಂಕ್ರೀಲಿ ಬಾಡಿಗೆಗೆ ಕೊಡೋರ ನಂಬರ್ ಯಾರ ಹತ್ರ ಇದೆ?"