ಆರು ವಾರದ ಗಣಿತ ಕೋರ್ಸ್‌ಗೆ ಸೇರಲಾ?

ಸೋಮವಾರಪೇಟೆ ಹುಡುಗಿ:
ಎರಡನೇ ಸೆಮ್ ಗಣಿತ ಹೋಗಿದೆ. ಮೈಸೂರಿನ ನಮ್ಮ ಕಾಲೇಜಿನಲ್ಲಿ ಜೂನ್‌ನಿಂದ ಆರು ವಾರದ ಬೇಸಿಗೆ ಕೋರ್ಸ್ ಇದೆ. (ಹೆಸರಿಗೆ ಬೇಸಿಗೆ. ನಮ್ಮ ಕೊಡಗಿನಲ್ಲಿ ಆಗ ಮಳೆ ಹಿಡಿದಿರುತ್ತದೆ!) ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯೋದು) ಮುಗಿದಿಲ್ಲ, ಮನೆಗೆ ಬಾ ಅನ್ನುತ್ತಾರೆ ಅಪ್ಪ. ಡಬಲ್ ಇಂಟಿಗ್ರಲ್ (x, y ಎರಡರ ಮೇಲೂ ಮಾಡುವ ಇಂಟಿಗ್ರೇಷನ್) ಕಂಡರೇ ತಲೆ ತಿರುಗುತ್ತದೆ. ಏನು ಮಾಡಲಿ?

ಗೋಣಿಕೊಪ್ಪದ ಮೇಷ್ಟ್ರು:
ಲೆಕ್ಕ ಹಾಕಮ್ಮ. ಮಾಮೂಲಿ ಸೆಮ್‌ನಲ್ಲಿ ವಾರಕ್ಕೆ 4 ಗಂಟೆಯಂತೆ 15 ವಾರ ಅಂದರೆ 60 ಗಂಟೆ. ಅದನ್ನೇ 6 ವಾರಕ್ಕೆ ಇಳಿಸಿದರೆ ವಾರಕ್ಕೆ 10 ಗಂಟೆ ಪಾಠ. ಮನೆಯಲ್ಲಿ ಲೆಕ್ಕ ಮಾಡೋಕೆ ಇನ್ನೂ ಜಾಸ್ತಿ ಬೇಕು. ಎರಡು ದಿನ ಜ್ವರ ಬಂತೋ, ಮಾಮೂಲಿ ಒಂದು ವಾರದ ಪಾಠ ಹೋಯಿತು. ಡಬಲ್ ಇಂಟಿಗ್ರಲ್‌ನಲ್ಲಿ ಎಡವೋದು ಸಾಮಾನ್ಯವಾಗಿ ಮಿತಿ (x, y ಎಲ್ಲಿಂದ ಎಲ್ಲಿವರೆಗೆ ಅನ್ನೋದು) ಹಾಕುವಾಗ. ಸುಮ್ನೆ ಸೂತ್ರ ಉರು ಹೊಡೆಯಬೇಡ, ಮೊದಲು ಪ್ರದೇಶದ ಚಿತ್ರ ಬರಿ. x ಮೊದಲೋ y ಮೊದಲೋ ಅನ್ನೋ ಕ್ರಮ ಬದಲಿಸಿದರೆ ಮಿತಿಗಳನ್ನೂ ಚಿತ್ರ ನೋಡಿ ಹೊಸದಾಗಿ ಹಾಕಬೇಕು.

ವಿರಾಜಪೇಟೆಯಿಂದ:
ನಾನು ಇಂಥ ಬೇಸಿಗೆ ಕೋರ್ಸ್‌ನಲ್ಲೇ ಪಾಸಾದೆ. ಆದರೆ ಅದೊಂದೇ ವಿಷಯ ತೆಗೆದುಕೊಂಡಿದ್ದೆ. ಮನೆಯಿಂದ ಆನ್‌ಲೈನ್ ಅಂತ ಮಾತ್ರ ನಂಬಬೇಡಿ. ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ ಮೂರು ದಿನ ಕರೆಂಟಿಲ್ಲ, ಗೊತ್ತಲ್ವಾ?

ಸೋಮವಾರಪೇಟೆ ಹುಡುಗಿ:
ಗೊತ್ತು ಅಕ್ಕ! ಹಾಸ್ಟೆಲ್‌ನಲ್ಲೇ ಇರುತ್ತೇನೆ. ಅಪ್ಪನಿಗೆ ರಾತ್ರಿ ಫೋನ್ ಮಾಡಬೇಕು.