ಸಹಾಯ ಬೇಕು: ಹೆಲಿಸ್ಕೀಯಿಂಗ್ ತಯಾರಿ ಪಟ್ಟಿ ನೋಡಿ ತಿದ್ದಿಕೊಡಿ

ಮೊದಲ ಸಲ ಗೈಡ್ ಜೊತೆ ಹೆಲಿಸ್ಕೀಯಿಂಗ್‌ಗೆ (ಹೆಲಿಕಾಪ್ಟರ್‌ನಲ್ಲಿ ಬೆಟ್ಟದ ಮೇಲೆ ಹೋಗಿ ಹಿಮದಲ್ಲಿ ಸ್ಕೀ ಮಾಡುತ್ತ ಇಳಿಯುವುದು) ಹೊರಡುವವರಿಗಾಗಿ ಈ ಪಟ್ಟಿ. ಅನುಭವವಿರುವವರು ದಯವಿಟ್ಟು ನೋಡಿ.

ಪುಡಿಹಿಮಕ್ಕೆ ಅಗಲ ಸ್ಕೀ ಬೇಕು, ಪಾದದಡಿ 105ರಿಂದ 115 ಮಿ.ಮೀ. ಇದು ಬಹುತೇಕ ಕಡೆ ಬಾಡಿಗೆಗೆ ಸಿಗುತ್ತದೆ. ಬೂಟು ಮಾತ್ರ ಕಾಲಿಗೆ ಪಳಗಿದ ಸ್ವಂತದ್ದೇ ಇರಲಿ.

ಬೀಕನ್ (ಹಿಮದಡಿ ಹೂತವರನ್ನು ಹುಡುಕಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಇರಲೇಬೇಕು. ಯಾವ ಕಂಪನಿಯ ಬೀಕನ್ ಆದರೂ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತದೆ, ಆದರೆ ಪಕ್ಕದ ಫೋನು ಅದನ್ನು ಕೆಡಿಸುತ್ತದೆ. ಸಂಕೇತ ಕಳಿಸುವಾಗ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ಅಂತರ ಬೇಕು. ಹಿಮಕುಸಿತದಲ್ಲಿ ಹೂತವರಿಗೆ ಮೊದಲ ಹತ್ತು ನಿಮಿಷವೇ ನಿರ್ಣಾಯಕ. ಅಷ್ಟರಲ್ಲಿ ಹೊರಗಿನಿಂದ ನೆರವು ಬರುವುದಿಲ್ಲ, ಅಗೆಯಬೇಕಾದವರು ಜೊತೆಗಾರರೇ. ಹಾಗಾಗಿ ಹೊರಡುವ ಮುನ್ನ ಹುಡುಕಾಟದ ಅಭ್ಯಾಸ ಬೇಕೇ ಬೇಕು.

ಕಾಡಿನ ಇಳಿಜಾರಿನಲ್ಲಿ ಮರದ ಬುಡದ ಸಡಿಲ ಹಿಮಗುಂಡಿಗೆ ತಲೆಕೆಳಗಾಗಿ ಬಿದ್ದರೆ ಒಬ್ಬರೇ ಹೊರಬರುವುದು ಕಷ್ಟ. ಅಲ್ಲಿ ಜೋಡಿಯಾಗಿ, ಒಬ್ಬರಿಗೊಬ್ಬರು ಕಾಣುವಂತೆ ಇಳಿಯಬೇಕು.

ಹೆಲಿಕಾಪ್ಟರ್ ಬಳಿಗೆ ಗೈಡ್ ಸನ್ನೆ ಮಾಡಿದ ಮೇಲಷ್ಟೇ, ಪೈಲಟ್‌ಗೆ ಕಾಣುವಂತೆ ಬಗ್ಗಿ ಹೋಗಬೇಕು. ಸ್ಕೀಯನ್ನು ಹೆಗಲ ಮೇಲಿಡದೆ ಕೆಳಗೆ ಅಡ್ಡ ಹಿಡಿಯಬೇಕು. ಬಾಲದ ಕಡೆ ಸುಳಿಯಲೇಬಾರದು. ಸಡಿಲ ಟೋಪಿ ಗಾಳಿಗೆ ಹಾರಿ ರೋಟರ್‌ಗೆ ಸಿಕ್ಕೀತು.

ಹವಾಮಾನ ಕೆಟ್ಟರೆ ಹಾರಾಟವೇ ಇಲ್ಲ. ಹಾರದ ದಿನದ ಹಣ ಮರಳುತ್ತದೆಯೇ, ಒಪ್ಪಂದದಲ್ಲಿ ಓದಿಕೊಳ್ಳಿ.

ಎರಡು ಕಡೆ ನಿಮ್ಮ ಸಲಹೆ ಬೇಕು:

1. ಏರ್‌ಬ್ಯಾಗ್ (ಹಿಡಿ ಎಳೆದರೆ ಉಬ್ಬಿ, ಹಿಮಕುಸಿತದಲ್ಲಿ ಮೇಲೆ ಉಳಿಯಲು ನೆರವಾಗುವ ಬೆನ್ನುಚೀಲ) ಹೆಲಿಕಾಪ್ಟರ್ ಕ್ಯಾಬಿನ್‌ನೊಳಗೆ ಉಬ್ಬದಂತೆ ಅದರ ಹಿಡಿಯನ್ನು ಲಾಕ್ ಮಾಡುತ್ತಾರೆ, ಇಳಿದ ಮೇಲೆ ಬಿಚ್ಚಲು ಮರೆಯುತ್ತಾರೆ. ಇದನ್ನು ಯಾವ ಹಂತದಲ್ಲಿ ನೆನಪಿಸುವುದು ಒಳ್ಳೆಯದು?

2. ಬ್ಯಾಟರಿಯಿಂದ ಬಿಸಿಯಾಗುವ ಗ್ಲೌಸ್ ಬೀಕನ್ ಹಿಡಿದ ಕೈಯಲ್ಲೇ ಇರುವುದರಿಂದ ಅದರ ಸಂಕೇತಕ್ಕೆ ಅಡ್ಡಿಯಾಗಬಹುದು. ಬೆರಳು ಬೇಗ ಮರಗಟ್ಟುವವರಿಗೆ ಬದಲಿಯಾಗಿ ಏನು ಸೂಚಿಸುತ್ತೀರಿ?