ಥೀಸಿಸ್ ಪೇಪರ್‌ನಲ್ಲಿ ಯಾರ ಹೆಸರು, ಯಾವ ಕ್ರಮದಲ್ಲಿ? ಮುಂಬೈ, ಪುಣೆ, ಗೋವಾದವರ ಅನುಭವ

ಪ್ರಶ್ನೆ (ಮುಂಬೈ, ಪೆಥಾಲಜಿ ಎಂಡಿ, ಮೂರನೇ ವರ್ಷ)

ಊರು ಧಾರವಾಡ, ಓದುತ್ತಿರುವುದು ಇಲ್ಲಿ. ನನ್ನ ಥೀಸಿಸ್ ಸ್ತನ ಕ್ಯಾನ್ಸರ್‌ನಲ್ಲಿ ಕೆಐ-67 ಬಗ್ಗೆ, ಅಂದರೆ ಎಷ್ಟು ಕೋಶಗಳು ವಿಭಜನೆಯಲ್ಲಿವೆ ಅಂತ ತೋರಿಸುವ ಪ್ರೋಟೀನ್. ವಿಷಯವನ್ನು ಗೈಡ್ ಸರ್ ಜೊತೆ ಕೂತು ಆರಿಸಿಕೊಂಡೆ. ಹಳೆಯ ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ಗೆಡ್ಡೆಯ ತುಣುಕು) ಹುಡುಕಿದ್ದು, ಕಂದು ಬಣ್ಣ ಹಿಡಿದ ನ್ಯೂಕ್ಲಿಯಸ್‌ಗಳನ್ನು ಒಂದೊಂದಾಗಿ ಎಣಿಸಿದ್ದು, ಪೇಪರ್ ಬರೆದದ್ದು ಎಲ್ಲ ನಾನೇ. ಈಗ ಜರ್ನಲ್‌ಗೆ ಕಳಿಸುವ ಹೊತ್ತಿಗೆ ಸರ್ ಬೇರೆ ಕ್ರಮ ಹೇಳುತ್ತಿದ್ದಾರೆ. ಮೊದಲು ಎಚ್‌ಒಡಿ (ವಿಭಾಗದ ಮುಖ್ಯಸ್ಥೆ) ಮೇಡಂ, ಆಮೇಲೆ ಪ್ರಮೋಷನ್ ಬಾಕಿ ಇರುವ ಇನ್ನೊಬ್ಬ ಸರ್, ಮೂರನೆಯವರು ಗೈಡ್, ಕೊನೆಗೆ ನಾನು. ಮೊದಲ ಇಬ್ಬರು ಪೇಪರ್ ಓದಿಯೂ ಇಲ್ಲ. ಪರೀಕ್ಷೆ ಹತ್ತಿರ ಬಂತು, ಜಗಳ ಬೇಡ. ಹಾಗಂತ ಸುಮ್ನೆ ಇರಲೂ ಆಗುತ್ತಿಲ್ಲ. ಅನುಭವ ಇದ್ದವರು ಹೇಳಿ.

ಪುಣೆಯಿಂದ (ಕಮ್ಯುನಿಟಿ ಮೆಡಿಸಿನ್ ಶಿಕ್ಷಕಿ)

ಮೊದಲು ನಿಯಮ ಗೊತ್ತಿರಲಿ. ಅದು ಗೊತ್ತಿದ್ದರೆ ಮಾತಾಡುವಾಗ ದನಿ ನಡುಗುವುದಿಲ್ಲ.

ವೈದ್ಯಕೀಯ ಜರ್ನಲ್‌ಗಳು ಹೆಚ್ಚಾಗಿ ಒಪ್ಪುವುದು ಐಸಿಎಂಜೆಇ (ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ನಿಯಮವನ್ನು. 1978ರಲ್ಲಿ ವ್ಯಾಂಕೂವರ್‌ನಲ್ಲಿ ಕೆಲವು ಸಂಪಾದಕರು ಸೇರಿ ಶುರು ಮಾಡಿದ ಗುಂಪು ಅದು. ಲೇಖಕ ಅನ್ನಿಸಿಕೊಳ್ಳಲು ಅವರ ಷರತ್ತು ನಾಲ್ಕು, ನಾಲ್ಕೂ ಸೇರಬೇಕು. ಯೋಜನೆ, ಮಾಹಿತಿ ಸಂಗ್ರಹ, ವಿಶ್ಲೇಷಣೆ ಅಥವಾ ಅರ್ಥೈಸುವುದರಲ್ಲಿ ಗಟ್ಟಿ ಪಾಲು ಇರಬೇಕು. ಪೇಪರ್ ಬರೆದಿರಬೇಕು, ಇಲ್ಲವೇ ವಿಷಯಕ್ಕೆ ಕೈ ಹಾಕಿ ತಿದ್ದಿರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ಕೆಲಸದ ಎಲ್ಲ ಭಾಗಕ್ಕೂ ಉತ್ತರ ಕೊಡುವ ಹೊಣೆ ಹೊರಬೇಕು. ಈ ಕೊನೆಯದು ಸೇರಿದ್ದು 2013ರಲ್ಲಿ. ವಿಭಾಗದ ಮುಖ್ಯಸ್ಥರಾಗಿರುವುದು, ಹಣ ತಂದುಕೊಡುವುದು, ಮೇಲುಸ್ತುವಾರಿ ಇವಿಷ್ಟೇ ಆದರೆ ಸಾಲದು. ಅಂಥವರಿಗೆ ಕೃತಜ್ಞತೆಯ ಭಾಗದಲ್ಲಿ ಜಾಗ.

ಆದರೆ ಹೆಸರುಗಳ ಕ್ರಮ ಹೀಗೇ ಇರಬೇಕು ಅಂತ ಅದರಲ್ಲಿ ಇಲ್ಲ. ಲೇಖಕರೇ ಕೂತು ತೀರ್ಮಾನಿಸಬೇಕು ಅನ್ನುತ್ತದೆ, ಅಷ್ಟೇ. ಹಾಗಾಗಿ ಸಂಪಾದಕರು ಬಂದು ನಿಮ್ಮ ಹೆಸರನ್ನು ಮೊದಲಿಗೆ ಹಾಕಿಸುತ್ತಾರೆ ಅಂತ ಕಾಯಬೇಡಿ. ಅಮೆರಿಕದ ಮನಃಶಾಸ್ತ್ರ ಸಂಘದ ನೀತಿಸಂಹಿತೆ ಮಾತ್ರ ಇದನ್ನು ನೇರವಾಗಿ ಹೇಳುತ್ತದೆ: ಡಾಕ್ಟರೇಟ್ ಪ್ರಬಂಧದಿಂದ ಬಂದ ಪೇಪರ್‌ನಲ್ಲಿ, ತೀರಾ ಅಪರೂಪದ ಸಂದರ್ಭ ಬಿಟ್ಟರೆ, ವಿದ್ಯಾರ್ಥಿಯೇ ಮೊದಲು. ನಮ್ಮ ಕ್ಷೇತ್ರದ್ದಲ್ಲ, ಆದರೂ ತೋರಿಸಲು ಒಳ್ಳೆಯ ಆಧಾರ.

ಈಗ ಆ ಎರಡನೇ ಸರ್ ವಿಷಯ. ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2022ರ ಅರ್ಹತಾ ನಿಯಮದ ಪ್ರಕಾರ ಪ್ರಮೋಷನ್‌ಗೆ ಲೆಕ್ಕಕ್ಕೆ ಬರುತ್ತಿದ್ದವರು ಮೊದಲ ಮೂವರು ಮತ್ತು ಕರೆಸ್ಪಾಂಡಿಂಗ್ ಲೇಖಕರು (ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವವರು). ಮೊದಲ ಮೂರು ಜಾಗಕ್ಕೆ ಇಷ್ಟು ನೂಕುನುಗ್ಗಲು ಬಂದದ್ದೇ ಇಲ್ಲಿಂದ. ನನಗೆ ಇದರ ಬಗ್ಗೆ ಕೋಪವಿದೆ. ಪಾಠ ಮಾಡುವವರನ್ನು ಪೇಪರ್ ಎಣಿಸಿ ಅಳೆದರೆ ಆಗುವುದು ಇದೇ ತಾನೆ? ಆದರೆ ನಿಮಗೆ ದಾರಿಯೂ ಇಂಥ ನಿಯಮದಲ್ಲೇ ಇದೆ. ನೀವು ಮೊದಲ ಲೇಖಕಿ, ಗೈಡ್ ಕೊನೆಯಲ್ಲಿ, ಕರೆಸ್ಪಾಂಡಿಂಗ್ ಕೂಡ ಅವರೇ. 2025ರ ಹೊಸ ನಿಯಮದಲ್ಲೂ ಹಾಗೇ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ, ಇದ್ದರೆ ಅವರ ಲೆಕ್ಕಕ್ಕೆ ಏನೂ ಕಡಿಮೆ ಆಗುವುದಿಲ್ಲ. ನಮ್ಮ ವಿಭಾಗದಲ್ಲಿ ಹೀಗೆ ಮಾಡಲು ಶುರು ಮಾಡಿದ ಮೇಲೆ ಗೈಡ್ ಮತ್ತು ವಿದ್ಯಾರ್ಥಿಗಳ ನಡುವಿನ ತಕರಾರು ತುಂಬಾ ಕಡಿಮೆಯಾಗಿದೆ.

ಮುಂಬೈ, ದಾದರ್‌ನಿಂದ (ಸ್ಟಾಟಿಸ್ಟಿಷಿಯನ್)

ನಮ್ಮ ಪಾಡನ್ನೂ ಸ್ವಲ್ಪ ಹೇಳಬೇಕು. ಸ್ಯಾಂಪಲ್ ಸೈಜ್ ಲೆಕ್ಕ ಹಾಕಿ, ಯಾವ ಟೆಸ್ಟ್ ಸರಿ ಅಂತ ಆರಿಸಿ, ಟೇಬಲ್ ಮಾಡಿ, ಅದರ ಅರ್ಥ ಬಿಡಿಸಿ ಹೇಳಿದರೂ ಎಷ್ಟೋ ಸಲ ಕೃತಜ್ಞತೆಯಲ್ಲೂ ಹೆಸರಿರುವುದಿಲ್ಲ. ಒಮ್ಮೆ ನಾನು ಬರೆದುಕೊಟ್ಟ ಇಡೀ ವಿಧಾನದ ಭಾಗ ಒಂದಕ್ಷರ ಬದಲಾಗದೆ ಅಚ್ಚಾಗಿತ್ತು, ನನ್ನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಈಗ ಕೆಲಸ ಒಪ್ಪಿಕೊಳ್ಳುವ ಮೊದಲ ಇಮೇಲ್‌ನಲ್ಲೇ ಕೇಳುತ್ತೇನೆ: ಇದು ಸಲಹೆಯಾ, ಪಾಲುದಾರಿಕೆಯಾ? ಯಾರೂ ಬೇಸರ ಮಾಡಿಕೊಂಡಿಲ್ಲ. ನಿಮ್ಮ ಪೇಪರ್‌ನಲ್ಲಿ ಅಂಕಿಅಂಶ ನೋಡಿದವರು ಯಾರು? ಅವರನ್ನು ಮರೆಯಬೇಡಿ.

ಗೋವಾ, ಮಡಗಾಂವ್‌ನಿಂದ (ಫಿಜಿಷಿಯನ್)

ನನ್ನದು ಪೇಪರ್ ಅಚ್ಚಾದ ಮೇಲಿನ ಕಥೆ. ಹಿಂದೆ ಓದಿದ ಕಾಲೇಜಿನಲ್ಲಿ (ಹೆಸರು ಬೇಡ) ನನ್ನ ಥೀಸಿಸ್‌ನ ಮಾಹಿತಿ ಇಟ್ಟುಕೊಂಡು ಬಂದ ಪೇಪರ್‌ನಲ್ಲಿ ನನ್ನ ಹೆಸರೇ ಇರಲಿಲ್ಲ. ಗೆಳೆಯನೊಬ್ಬ ಲಿಂಕ್ ಕಳಿಸಿದಾಗಲೇ ಗೊತ್ತಾದದ್ದು. ಟೇಬಲ್ ಎರಡರಲ್ಲಿ ನಾನು ಹಾಕಿದ ಅಡಿಟಿಪ್ಪಣಿ ಕೂಡ ಹಾಗೇ ಇತ್ತು.

ಜರ್ನಲ್‌ಗೆ ಬರೆದೆ. ಸಭ್ಯವಾಗಿಯೇ ಉತ್ತರ ಬಂತು: ಯಾರು ಏನು ಮಾಡಿದರು ಅಂತ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ನಿಮ್ಮ ಸಂಸ್ಥೆ ವಿಚಾರಿಸಿ ತಿಳಿಸಲಿ. ಆಗ ತುಂಬಾ ನೋವಾಯಿತು. ಆದರೆ ಪ್ರಕಟಣಾ ನೀತಿ ನೋಡುವ ಕೋಪ್ ಸಂಸ್ಥೆ, 1997ರಲ್ಲಿ ಶುರುವಾದದ್ದು, ಸಂಪಾದಕರಿಗೆ ಹೇಳಿಕೊಟ್ಟಿರುವ ದಾರಿಯೂ ಇದೇ. ಕೊನೆಗೆ ಕೆಲಸಕ್ಕೆ ಬಂದದ್ದು ಕಾಗದಪತ್ರ. ಎಥಿಕ್ಸ್ ಕಮಿಟಿಗೆ ಕೊಟ್ಟ ಅರ್ಜಿಯಲ್ಲಿ ನನ್ನ ಹೆಸರಿತ್ತು. ತಾರೀಖು ಇದ್ದ ಇಮೇಲ್‌ಗಳಿದ್ದವು. ಮಾಹಿತಿಯ ಮೂಲ ಶೀಟ್ ನನ್ನ ಕೈಬರಹದಲ್ಲಿತ್ತು. ಕಾಲೇಜಿನ ಸಮಿತಿ ಒಪ್ಪಿತು, ತಿದ್ದುಪಡಿ ಅಚ್ಚಾಯಿತು, ಹೆಸರು ಸೇರಿತು. ತುಂಬಾ ಸಮಯ ಹಿಡಿಯಿತು, ಆ ಗೈಡ್ ಇವತ್ತಿಗೂ ಮಾತಾಡುವುದಿಲ್ಲ.

ನಿಮ್ಮ ಪೇಪರ್ ಇನ್ನೂ ಕಳಿಸಿಲ್ಲ ಅಲ್ವಾ, ಅದೇ ದೊಡ್ಡ ಅನುಕೂಲ. ಕಳಿಸಿದ ಮೇಲೆ ಹೆಸರು ಸೇರಿಸಲು, ತೆಗೆಯಲು, ಕ್ರಮ ಬದಲಿಸಲು ಜರ್ನಲ್‌ಗಳು ಸಾಮಾನ್ಯವಾಗಿ ಕಾರಣದ ಜೊತೆ ಎಲ್ಲ ಲೇಖಕರ ಸಹಿ ಕೇಳುತ್ತವೆ. ಈಗಾದರೆ ಒಂದು ಮಾತುಕತೆಯಲ್ಲಿ ಮುಗಿಯುತ್ತದೆ. ಡ್ರಾಫ್ಟ್‌ಗಳನ್ನು ಮಾತ್ರ ಕಾಲೇಜಿನ ಕಂಪ್ಯೂಟರ್‌ನಲ್ಲಿ ಅಷ್ಟೇ ಇಡಬೇಡಿ. ರೋಗಿಗಳ ಗುರುತು ಇಲ್ಲದ ಪ್ರತಿ ನಿಮ್ಮ ಹತ್ತಿರವೂ ಇರಲಿ.

ಮುಂಬೈ, ಮಾಟುಂಗಾದಿಂದ (ನಿವೃತ್ತ ಪ್ರೊಫೆಸರ್, ಪೆಥಾಲಜಿ)

ಮಗಳೇ, ನಾನು ಎಚ್‌ಒಡಿ ಆಗಿದ್ದವನು, ಆ ಕಡೆಯ ಮಾತೂ ಹೇಳುತ್ತೇನೆ. ಎಲ್ಲ ಹಿರಿಯರೂ ಬಿಟ್ಟಿ ಹೆಸರಿಗೆ ಬಾಯಿ ಬಿಡುವವರಲ್ಲ. ಎಷ್ಟೋ ಕಡೆ ಗೈಡ್ ಕೇಳುವ ಮೊದಲೇ ಹೆಸರು ಸೇರಿಸಿಬಿಡುತ್ತಾರೆ. ಮೇಡಂಗೆ ಗೊತ್ತೇ ಇರುವುದಿಲ್ಲ. ನಿಮ್ಮ ವಿಷಯದಲ್ಲೂ ಹಾಗೇ ಇರಬಹುದು.

ಕೆಐ-67 ಅಂದಿರಲ್ಲ, ಅದರಲ್ಲೇ ಒಂದು ನ್ಯಾಯವಾದ ದಾರಿ ಕಾಣುತ್ತಿದೆ. ಒಂದೇ ಸ್ಲೈಡ್ ಇಬ್ಬರು ಎಣಿಸಿದರೆ ಶೇಕಡಾವಾರು ಬೇರೆ ಬರುತ್ತದೆ. ಈ ಪರೀಕ್ಷೆಯ ಗೊತ್ತಿರುವ ಕಷ್ಟ ಅದು. ರಿವ್ಯೂವರ್ (ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವವರು) ಅದನ್ನು ಕೇಳಿಯೇ ಕೇಳುತ್ತಾರೆ. ಆ ಎರಡನೇ ಸರ್ ನಿಮ್ಮ ಅಂಕಿ ನೋಡದೆ ಒಂದಿಷ್ಟು ಸ್ಲೈಡ್ ಎಣಿಸಿಕೊಡಲಿ, ಇಬ್ಬರ ಲೆಕ್ಕ ಎಷ್ಟು ಹೊಂದುತ್ತದೆ ನೋಡಿ, ಆಮೇಲೆ ಪೇಪರನ್ನೂ ತಿದ್ದಲಿ. ಎಥಿಕ್ಸ್ ಕಮಿಟಿಗೆ ತಿಳಿಸಿಯೇ ಮಾಡಿ. ಆಗ ಅವರ ಹೆಸರು ದುಡಿದು ಬಂದದ್ದು, ಪೇಪರೂ ಗಟ್ಟಿಯಾಗುತ್ತದೆ. ಅವರಿಗೆ ಪುರುಸೊತ್ತಿಲ್ಲ ಅಂದರೆ ಉತ್ತರ ಅವರೇ ಕೊಟ್ಟ ಹಾಗೆ.

ನಮ್ಮ ಪರೇಲ್‌ನ ಒಂದು ಸಂಗತಿ ನೆನಪಿಸಬೇಕು. 1986ರ ಆಗಸ್ಟ್ 6ರಂದು ಕೆಇಎಂ ಆಸ್ಪತ್ರೆಯಲ್ಲಿ ಹರ್ಷಾ ಹುಟ್ಟಿದಾಗ ಭಾರತದ ಮೊದಲ ಪ್ರನಾಳ ಶಿಶು ಅಂತ ದೇಶವೇ ಸಂಭ್ರಮಿಸಿತು. ಅದರ ಹಿಂದೆ ಇದ್ದವರು ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ. ಸಿ. ಆನಂದ ಕುಮಾರ್. ಆದರೆ 1978ರ ಅಕ್ಟೋಬರ್ 3ರಂದೇ ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ದುರ್ಗಾ ಹುಟ್ಟಿದ್ದಳು. ಸರ್ಕಾರಿ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಮುಂದೆ ಅವರ ಟಿಪ್ಪಣಿಗಳು ಆನಂದ ಕುಮಾರ್ ಕೈಗೆ ಸಿಕ್ಕವು. ಓದಿ ನೋಡಿ, 1997ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಮೊದಲಿಗರು ಮುಖೋಪಾಧ್ಯಾಯರೇ ಅಂತ ಬರೆದರು. ‘ಮೊದಲಿಗ’ ಅನ್ನುವ ಪಟ್ಟ ತನಗೇ ಸಿಕ್ಕಿದ್ದಾಗ ಅದನ್ನು ತಾನಾಗಿ ಬಿಟ್ಟುಕೊಟ್ಟವರು ಅವರು. ನಮ್ಮಲ್ಲಿ ಅಂಥ ಹಿರಿಯರೂ ಇದ್ದಾರೆ. ಮೊದಲು ಕೇಳಿ ನೋಡಿ, ಆಮೇಲೆ ಬೇಸರ ಮಾಡಿಕೊಳ್ಳಿ.

ಗೈಡ್‌ಗೆ ಮೆಸೇಜ್ ಹೀಗಿರಲಿ: “ಸರ್, ಜರ್ನಲ್‌ನವರು ಯಾರು ಏನು ಮಾಡಿದ್ದಾರೆ ಅಂತ ಪಟ್ಟಿ ಕೇಳುತ್ತಾರೆ. ನನಗೆ ತಿಳಿದಷ್ಟು ತುಂಬಿದ್ದೇನೆ. ಮೇಡಂ ಮತ್ತು ಸರ್ ಭಾಗದಲ್ಲಿ ಏನು ಬರೆಯಲಿ ಹೇಳಿ. ಬಿಡುವಿದ್ದಾಗ ಕೂತು ಮಾತಾಡೋಣ.” ದೂರು ಇಲ್ಲ, ಆರೋಪ ಇಲ್ಲ. ಕ್ರೆಡಿಟ್ ಅನ್ನುವ ಪಟ್ಟಿಯಲ್ಲಿ 14 ಬಗೆಯ ಪಾತ್ರಗಳಿವೆ, ಅದನ್ನೇ ಬಳಸಿ. ಆ ಖಾಲಿ ಜಾಗ ನೋಡಿದರೆ ಸಾಕು, ನಿಮ್ಮ ಗೈಡ್‌ಗೆ ವಿಷಯ ಹೊಳೆಯುತ್ತದೆ.

ಪುಣೆ, ಪಿಂಪ್ರಿಯಿಂದ (ಈಗಷ್ಟೇ ಎಂಡಿ ಮುಗಿಸಿದವನು)

ಮೇಲಿನವರ ಮಾತೆಲ್ಲ ನಿಜ, ಆದರೆ ಪರೀಕ್ಷೆಯ ಭಯವೂ ನಿಜ. ನಾನು ಫಲಿತಾಂಶ ಬರುವವರೆಗೆ ಕಾದೆ, ಆಮೇಲೆ ಮಾತಾಡಿದೆ. ಅದು ಹೇಡಿತನ ಅಂತ ನನಗೆ ಅನ್ನಿಸುವುದಿಲ್ಲ. ಪೇಪರ್ ಕೆಲವು ತಿಂಗಳು ತಡವಾದರೆ ಏನೂ ಮುಳುಗುವುದಿಲ್ಲ. ನಿಮ್ಮ ಗೈಡ್ ಎಂಥವರು ಅಂತ ನಿಮಗೇ ಚೆನ್ನಾಗಿ ಗೊತ್ತು.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಧನ್ಯವಾದ. ಮಾಟುಂಗಾದ ಸರ್ ಬರೆದುಕೊಟ್ಟ ಮೆಸೇಜನ್ನೇ ಕಳಿಸಿದೆ. “ಪಟ್ಟಿ ತಗೊಂಡು ಬಾ, ನೋಡೋಣ” ಅಂದಿದ್ದಾರೆ. ಅಷ್ಟರಲ್ಲಿ ಇನ್ನೊಂದು ಅನುಮಾನ. ಬ್ಲಾಕ್ ಕತ್ತರಿಸಿ ಸ್ಟೇನ್ ಮಾಡಿಕೊಟ್ಟ ಟೆಕ್ನಿಷಿಯನ್ ಅಕ್ಕನ ಹೆಸರು ಎಲ್ಲಿ ಹಾಕಲಿ? ಸರಿ ಬರದ ಸ್ಲೈಡ್‌ಗಳನ್ನು ಕೇಳದೆಯೇ ಮತ್ತೆ ಮಾಡಿಕೊಟ್ಟಿದ್ದಾರೆ.

ಪುಣೆಯಿಂದ (ಕಮ್ಯುನಿಟಿ ಮೆಡಿಸಿನ್ ಶಿಕ್ಷಕಿ)

ಸ್ಟೇನಿಂಗ್ ಅಷ್ಟೇ ಆದರೆ ಕೃತಜ್ಞತೆಯಲ್ಲಿ. “ಲ್ಯಾಬ್ ಸಿಬ್ಬಂದಿಗೆ” ಅಂತ ಹಾರಿಸಿಬಿಡಬೇಡಿ, ಪೂರ್ತಿ ಹೆಸರು ಮತ್ತು ಮಾಡಿದ ಕೆಲಸ ಬರೆಯಿರಿ. ಅವರಿಂದ ಬರಹದಲ್ಲಿ ಒಪ್ಪಿಗೆಯನ್ನೂ ತಗೊಳ್ಳಿ, ಅದೂ ನಿಯಮದಲ್ಲಿದೆ. ವಿಧಾನವನ್ನೇ ಬದಲಿಸಿ ಸುಧಾರಿಸಿದ್ದರೆ ಅದು ಬೇರೆ ಮಾತು. ಆಗ ಡ್ರಾಫ್ಟ್ ಅವರ ಕೈಗೂ ಕೊಡಿ, ಓದಿ ತಿದ್ದಲು ಅವಕಾಶ ಸಿಗಲಿ. ಲೇಖಕಿ ಆಗುವ ಹಕ್ಕು ಅವರಿಗೂ ಇದೆ.